ಮೊದಲ ಹಣ ಕಾರ್ಖಾನೆಗಾ, ಹೊಲಕ್ಕಾ?

ಪರಿಸರಕ್ಕೆ ಆಗುವ ಹಾನಿ ತಗ್ಗಿಸಲು ಆಹಾರ ಕಂಪನಿ ನಡೆಸುವವರ ಮುಂದೆ ಸಾಮಾನ್ಯವಾಗಿ ಎರಡು ದಾರಿ ಇರುತ್ತವೆ. ಒಂದು, ಕಾರ್ಖಾನೆ ಸುಧಾರಿಸುವುದು: ಸೋಲಾರ್, ನೀರಿನ ಮರುಬಳಕೆ, ತೆಳು ಪ್ಯಾಕಿಂಗ್. ಬೇಗ ಮುಗಿಯುತ್ತದೆ, ಲೆಕ್ಕ ಸಿಗುತ್ತದೆ, ಕರೆಂಟ್ ಬಿಲ್ಲೂ ಇಳಿಯುತ್ತದೆ. ಫೋಟೋಗೂ ಚೆನ್ನ, ಅಲ್ವಾ?

ಇನ್ನೊಂದು, ಕಚ್ಚಾ ಮಾಲು ಬೆಳೆಯುವ ಹೊಲ. ಇದು ನಿಧಾನ, ತಲೆನೋವೂ ಜಾಸ್ತಿ. ಆದರೆ ಹೆಚ್ಚಿನ ಆಹಾರ ಕಂಪನಿಗಳ ಮಾಲಿನ್ಯದ ದೊಡ್ಡ ಪಾಲು ಇರುವುದು ಇಲ್ಲೇ. ಸಾರಜನಕ ಗೊಬ್ಬರ ಹಾಕಿದ ಮಣ್ಣಿನಿಂದ ಹೊರಡುವ ನೈಟ್ರಸ್ ಆಕ್ಸೈಡ್ ಅನಿಲ, 100 ವರ್ಷದ ಲೆಕ್ಕದಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಬಿಸಿ ಹಿಡಿಯುತ್ತದೆ. ಭತ್ತದ ಗದ್ದೆಯಲ್ಲಿ ಸದಾ ನೀರು ನಿಂತರೆ ಮೀಥೇನ್ ಎಂಬ ಇನ್ನೊಂದು ಬಿಸಿ ಹಿಡಿಯುವ ಅನಿಲ ಹುಟ್ಟುತ್ತದೆ. ಆಗಾಗ ನೀರು ಆರಲು ಬಿಟ್ಟರೆ ಅದು ಸಾಕಷ್ಟು ತಗ್ಗುತ್ತದೆ, ನೀರೂ ಉಳಿಯುತ್ತದೆ.

ತೊಡಕು ಒಂದೇ: ಹೊಸ ಪದ್ಧತಿಯ ಮೊದಲ ವರ್ಷಗಳಲ್ಲಿ ಇಳುವರಿ ಕುಸಿದರೆ ನಷ್ಟ ಯಾರದ್ದು? ಸುಮ್ನೆ ನಿಯಮ ಕಳಿಸಿದರೆ ರೈತರು ಒಪ್ಪುವುದಿಲ್ಲ. ಹಲವು ವರ್ಷದ ಖರೀದಿ ಒಪ್ಪಂದ, ಮುಂಗಡ, ತುಸು ಹೆಚ್ಚು ಬೆಲೆ ಕೊಡಬೇಕು.

ನಿಮ್ಮದು ಕೋಲ್ಡ್ ಸ್ಟೋರೇಜ್ ಅಥವಾ ಬೇಕರಿಯಂತೆ ಕರೆಂಟ್, ಇಂಧನ ಹೆಚ್ಚು ತಿನ್ನುವ ಕೆಲಸವಾದರೆ ಕಾರ್ಖಾನೆಯಿಂದ ಶುರು ಮಾಡಿ. ಅಕ್ಕಿ, ಹಾಲು, ಮಾಂಸದ ವ್ಯವಹಾರವಾದರೆ ನನ್ನ ಮತ ಹೊಲಕ್ಕೇ. ಸೋಲಾರ್ ಮುಂದಿನ ವರ್ಷ ಹಾಕಿಸಿದರೂ ಆದೀತು.