ಕಲಿಯುವ ರಿಮೋಟ್ ಕೊಳ್ಳಿ, ಆದರೆ ಕಲಿಸುವುದಕ್ಕೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ

ಹೋಂ ಥಿಯೇಟರಿನ ನಾಲ್ಕು ರಿಮೋಟ್‌ಗಳ ಕೆಲಸವನ್ನು ಒಂದಕ್ಕೇ ಒಪ್ಪಿಸಬೇಕೆಂದರೆ ಪಟ್ಟಿಯಲ್ಲಿ ಕಂಪನಿಯ ಕೋಡ್ ಹುಡುಕಿ ಹಾಕುವ ಯೂನಿವರ್ಸಲ್ ರಿಮೋಟ್ ಬೇಡ, ಹಳೆಯ ರಿಮೋಟಿನ ಸಂಕೇತವನ್ನೇ ನಕಲು ಮಾಡಿಕೊಳ್ಳುವ ಕಲಿಯುವ ರಿಮೋಟ್ ತೆಗೆದುಕೊಳ್ಳಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಾವಿರ ರೂಪಾಯಿಯೊಳಗೆ ಕೊಂಡ ಇಂಥದ್ದೊಂದು ರಿಮೋಟ್ ಈಗ ಮೈಸೂರಿನಲ್ಲಿ ಅಪ್ಪನ ಕೈಯಲ್ಲಿದೆ. ಅವರ ಹಾಲ್‌ನಲ್ಲಿ ಟಿವಿ, ಸೆಟ್ ಟಾಪ್ ಬಾಕ್ಸ್, 5.1 ಆಂಪ್ಲಿಫೈಯರ್ ಇವೆ. ಜೊತೆಗೆ ಯಕ್ಷಗಾನದ ಮತ್ತು ಹಳೇ ಹಾಡುಗಳ ಡಿಸ್ಕ್‌ಗಳಿಗೆಂದೇ ಜೋಪಾನ ಮಾಡಿಟ್ಟ ಡಿವಿಡಿ ಪ್ಲೇಯರ್. ಅಪ್ಪನಿಗೆ ಈಗ ಸಣ್ಣ ಅಕ್ಷರ ಕಾಣಿಸುವುದಿಲ್ಲ. ದೊಡ್ಡ ಬಟನ್ನಿನ ಒಂದೇ ರಿಮೋಟ್ ಸಾಕು ಎನ್ನುವುದು ಅವರ ಬಹುದಿನದ ಬೇಡಿಕೆ.

ಅಂಗಡಿಯವರು ಸರಿಯಾಗಿಯೇ ಹೇಳಿದರು: "ಕೋಡ್ ಹುಡುಕೋ ತಲೆನೋವು ಬೇಡ ಮೇಡಂ, ಇದು ಹಳೇ ರಿಮೋಟ್ ನೋಡಿ ಕಾಪಿ ಮಾಡ್ಕೊಳ್ಳುತ್ತೆ." ಕೋಡ್ ಹಾಕುವ ರಿಮೋಟ್‌ಗಳಲ್ಲಿ ಪವರ್, ವಾಲ್ಯೂಮ್, ಚಾನೆಲ್ ಮಾತ್ರ ಸಲೀಸಾಗಿ ಬರುತ್ತವೆ. ಆಂಪ್ಲಿಫೈಯರಿನ ಇನ್‌ಪುಟ್ ಬದಲಿಸುವ ಬಟನ್, ಡಿವಿಡಿಯ ಮೆನು ಇವು ಎಷ್ಟೋ ಸಲ ಸಿಗುವುದೇ ಇಲ್ಲ. ಕಲಿಯುವ ರಿಮೋಟ್‌ನಲ್ಲಿ ಹಳೆಯದರ ಯಾವ ಬಟನ್ ಬೇಕೋ ಅದನ್ನೇ ಇಳಿಸಿಕೊಳ್ಳಬಹುದು. ಮೂಲ ರಿಮೋಟ್ ಕಳೆದುಹೋಗಿದ್ದರೆ ಮಾತ್ರ ಇದರಿಂದ ಪ್ರಯೋಜನವಿಲ್ಲ, ಮೊದಲು ಅದರ ಡೂಪ್ಲಿಕೇಟ್ ಹುಡುಕಬೇಕು.

ಕಲಿಸುವಾಗ ಎರಡೂ ರಿಮೋಟ್‌ಗಳನ್ನು ಮೇಜಿನ ಮೇಲೆ ಮುಖಾಮುಖಿ ಇಡಿ, ನಡುವೆ ಎರಡು ಬೆರಳಿನ ಅಂತರ ಸಾಕು. ಹಳೆಯ ರಿಮೋಟಿಗೆ ಹೊಸ ಸೆಲ್ ಹಾಕಿ. ಕಿಟಕಿಯ ಬಿಸಿಲು ಬೀಳದ ಜಾಗ ನೋಡಿಕೊಳ್ಳಿ, ಸಿಎಫ್‌ಎಲ್ ದೀಪವಿದ್ದರೆ ಆರಿಸಿ. ರಿಮೋಟ್ ಸಂಕೇತ ಕಳಿಸುವುದು ಇನ್‌ಫ್ರಾರೆಡ್ ಎಂಬ ಕಣ್ಣಿಗೆ ಕಾಣದ ಬೆಳಕಿನಲ್ಲಿ. ಬಿಸಿಲು, ದೀಪಗಳ ಬೆಳಕಿನಲ್ಲೂ ಅದು ಇರುತ್ತದೆ, ಕಲಿಯುವ ರಿಮೋಟ್ ಅದನ್ನೂ ಸೇರಿಸಿಕೊಂಡು ಗೊಂದಲ ಮಾಡಿಕೊಳ್ಳುತ್ತದೆ. ಬಟನ್ನನ್ನು ಒತ್ತಿ ಹಿಡಿಯಬೇಡಿ, ಒಮ್ಮೆ ಒತ್ತಿ ಬಿಡಿ. ಬಹಳ ಸಾಧನಗಳು ಬಳಸುವ ಎನ್‌ಇಸಿ ಎಂಬ ಸಂಕೇತ ಪದ್ಧತಿಯಲ್ಲಿ ಪೂರ್ತಿ ಆಜ್ಞೆ ಹೋಗುವುದು ಮೊದಲ ಸಲ ಮಾತ್ರ. ಆಮೇಲೆ ಬಟನ್ ಹಿಡಿದಿರುವಷ್ಟು ಹೊತ್ತೂ ಸುಮಾರು 110 ಮಿಲಿಸೆಕೆಂಡಿಗೊಮ್ಮೆ 'ಅದೇ ಇನ್ನೊಮ್ಮೆ' ಎನ್ನುವ ಚುಟುಕು ಸಂಕೇತ ಹೋಗುತ್ತಿರುತ್ತದೆ. ಹೊಸ ರಿಮೋಟ್ ಆ ಚುಟುಕನ್ನಷ್ಟೇ ಹಿಡಿದುಕೊಂಡರೆ ದೀಪವೇನೋ ಮಿನುಗುತ್ತದೆ, ಟಿವಿ ಮಾತ್ರ ಅಲುಗುವುದಿಲ್ಲ.

ನನಗೆ ಹೆಚ್ಚು ಕೆಲಸ ಕೊಟ್ಟದ್ದು ಡಿವಿಡಿ ಪ್ಲೇಯರ್. "ಏನಮ್ಮಾ ಇದು, ಹನ್ನೊಂದನೇ ಹಾಡು ಅಂತ ಒತ್ತಿದ್ರೆ ಒಂದನೇದೇ ಬರುತ್ತಲ್ಲ?" ಎಂದು ಅಪ್ಪ ಫೋನ್ ಮಾಡಿದ್ದರು. ಹನ್ನೆರಡು ಬರುತ್ತದೆ, ಹತ್ತು ಬರುತ್ತದೆ, ಹನ್ನೊಂದು ಮತ್ತು ಇಪ್ಪತ್ತೆರಡು ಬರುವುದಿಲ್ಲ! ಇದರ ಮೂಲ ಫಿಲಿಪ್ಸ್ ಕಂಪನಿ ರೂಪಿಸಿದ ಆರ್‌ಸಿ-5, ಆರ್‌ಸಿ-6 ಪದ್ಧತಿಗಳಲ್ಲಿದೆ. ಅವುಗಳಲ್ಲಿ ಬಟನ್ ಒತ್ತಿದಾಗಲೆಲ್ಲ ಸಂಕೇತದ ಒಂದು ಬಿಟ್ (0 ಅಥವಾ 1 ಎಂಬ ಅಂಕಿ) ಅದಲುಬದಲಾಗುತ್ತದೆ. 'ಇದು ಹೊಸದಾಗಿ ಒತ್ತಿದ್ದು, ಹಿಡಿದುಕೊಂಡದ್ದಲ್ಲ' ಎಂದು ಪ್ಲೇಯರಿಗೆ ತಿಳಿಯುವುದು ಅದರಿಂದಲೇ. ಕಲಿತ ರಿಮೋಟ್ ಪ್ರತಿ ಸಲವೂ ಒಂದೇ ಪಾಠ ಒಪ್ಪಿಸುವುದರಿಂದ, ಎರಡನೇ ಸಲ ಒತ್ತಿದ '1' ಅನ್ನು ಪ್ಲೇಯರ್ ಮೊದಲಿನದರ ಮುಂದುವರಿಕೆ ಎಂದುಕೊಂಡು ಬಿಟ್ಟುಬಿಡುತ್ತದೆ. ಪ್ಲೇ ಮತ್ತು ಪಾಸ್ ಒಂದೇ ಬಟನ್ನಿನಲ್ಲಿದ್ದರೆ ಅಲ್ಲೂ ಇದೇ ಕಥೆ, ನಿಂತದ್ದು ಮತ್ತೆ ಓಡುವುದಿಲ್ಲ. ಪರಿಹಾರ ಸುಲಭ: ಹಳೆಯ ರಿಮೋಟಿನ ಅದೇ ಬಟನ್ನನ್ನು ಬೆನ್ನುಬೆನ್ನಿಗೆ ಎರಡು ಸಲ, ಹೊಸದರ ಎರಡು ಬೇರೆ ಬಟನ್‌ಗಳಿಗೆ ಕಲಿಸಿ. ಒಂದರಲ್ಲಿ ಒಂದು ರೂಪ, ಇನ್ನೊಂದರಲ್ಲಿ ಬದಲಾದ ರೂಪ ಕೂರುತ್ತದೆ. ಪಾಸ್ ಮಾಡಲು ಕೆಂಪು, ಮತ್ತೆ ಓಡಿಸಲು ಹಸಿರು ಎಂದು ಅಪ್ಪನಿಗೆ ಹೇಳಿಕೊಟ್ಟೆ. ಈಗ ಅವರಿಗೆ ಅದೇ ಹೆಚ್ಚು ಸಲೀಸು.

ಇನ್ನೊಂದು ತೊಡಕು ಪವರ್ ಬಟನ್ನಿನದು. ಈ ರಿಮೋಟಿನಲ್ಲಿ ಒಂದು ಬಟನ್ನಿಗೆ ಹಲವು ಆಜ್ಞೆಗಳನ್ನು ಸಾಲಾಗಿ ಕಟ್ಟಬಹುದು: ಟಿವಿ ಆನ್, ಬಾಕ್ಸ್ ಆನ್, ಆಂಪ್ಲಿಫೈಯರ್ ಆನ್. ಆದರೆ ಆನ್ ಆದ ಆಂಪ್ಲಿಫೈಯರ್ ಅದೇ ಗಳಿಗೆಯಲ್ಲಿ ಆಫ್ ಆಗುತ್ತಿತ್ತು. ಟಿವಿ ಮತ್ತು ಆಂಪ್ಲಿಫೈಯರ್ ನಡುವೆ ಎಚ್‌ಡಿಎಂಐ ಕೇಬಲ್ ಇದ್ದರೆ, ಸಿಇಸಿ ಎಂಬ ಸೌಲಭ್ಯದ ಮೂಲಕ ಟಿವಿಯೇ ಆಂಪ್ಲಿಫೈಯರನ್ನು ಎಬ್ಬಿಸುತ್ತದೆ. ಅದು ಎದ್ದ ಮೇಲೆ ರಿಮೋಟಿನಿಂದ ಪವರ್ ಆಜ್ಞೆ ಬಂದರೆ, ಆನ್ ಆಫ್ ಎರಡಕ್ಕೂ ಅದೇ ಆಜ್ಞೆಯಾದ್ದರಿಂದ, ಮತ್ತೆ ಮಲಗುತ್ತದೆ. ಸಿಇಸಿಯನ್ನು ಸ್ಯಾಮ್‌ಸಂಗ್ ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್ ಎನ್ನುತ್ತದೆ, ಸೋನಿ ಬ್ರಾವಿಯಾ ಸಿಂಕ್ ಎನ್ನುತ್ತದೆ. ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ ಹುಡುಕುವಾಗ ಈ ಹೆಸರುಗಳು ತಿಳಿದಿರಲಿ. ನಾನು ಸಿಇಸಿಯನ್ನು ಹಾಗೇ ಬಿಟ್ಟು, ಸಾಲಿನಿಂದ ಆಂಪ್ಲಿಫೈಯರಿನ ಪವರನ್ನು ತೆಗೆದುಹಾಕಿದೆ. ಅಂದಿನಿಂದ ಆ ಕಾಟವಿಲ್ಲ.

ರಿಮೋಟಿನ ನಿಜವಾದ ಕೊರತೆ ಇರುವುದೂ ಈ ಸಾಲಿನಲ್ಲೇ. ಎರಡು ಆಜ್ಞೆಗಳ ನಡುವೆ ಎಷ್ಟು ಹೊತ್ತು ಕಾಯಬೇಕೆಂದು ಹೇಳಲು ಅವಕಾಶವಿಲ್ಲ. ಟಿವಿ ಎದ್ದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಇನ್‌ಪುಟ್ ಬದಲಿಸುವ ಆಜ್ಞೆ ಬಂದು ಹೋಗಿರುತ್ತದೆ. ಅದನ್ನು ಸಾಲಿನ ಕೊನೆಗೆ ಹಾಕಿದೆ, ಆದರೂ ಒಮ್ಮೊಮ್ಮೆ ತಪ್ಪುತ್ತದೆ. ಲಾಜಿಟೆಕ್‌ನ ಹಾರ್ಮನಿ ರಿಮೋಟ್‌ಗಳಲ್ಲಿ ಈ ಕಾಯುವ ಸಮಯವನ್ನು ಬೇಕಾದಂತೆ ಹೊಂದಿಸಬಹುದಿತ್ತು. 2021ರಲ್ಲಿ ಕಂಪನಿ ಅವುಗಳ ತಯಾರಿಕೆ ನಿಲ್ಲಿಸಿತು, ಆ ಜಾಗ ನಿಜಕ್ಕೂ ತುಂಬಬೇಕಾದದ್ದು. ಕತ್ತಲಲ್ಲಿ ಬಟನ್‌ಗಳಿಗೆ ಬೆಳಕಿಲ್ಲ ಎನ್ನುವುದು ಇನ್ನೊಂದು ಕೊರತೆ. ಸೆಲ್ ಬದಲಿಸಿದರೂ ಕಲಿತದ್ದು ಮರೆಯುವುದಿಲ್ಲ, ಇದು ನನಗೆ ತುಂಬಾ ಮೆಚ್ಚುಗೆಯಾಯಿತು.

ಬ್ಲೂಟೂತ್ ರಿಮೋಟ್‌ಗಳನ್ನು ಇದು ಕಲಿಯದು. ಅಂಥ ರಿಮೋಟಿನಿಂದ ನಡೆಯುವ ಫೈರ್ ಟಿವಿ ಸ್ಟಿಕ್ (ಟಿವಿಗೆ ಚುಚ್ಚಿ ಇಂಟರ್ನೆಟ್ ಕಾರ್ಯಕ್ರಮ ನೋಡುವ ಸಾಧನ) ಇನ್‌ಫ್ರಾರೆಡ್ ಕೇಳಿಸಿಕೊಳ್ಳುವುದೇ ಇಲ್ಲ. ಆದರೆ ಟಿವಿಯಲ್ಲಿ ಸಿಇಸಿ ಇದ್ದರೆ, ಟಿವಿ ರಿಮೋಟಿನ ಬಾಣದ ಬಟನ್‌ಗಳಿಂದಲೇ ಸ್ಟಿಕ್ ನಡೆಸಬಹುದು. ಆ ಬಾಣಗಳನ್ನು ಇದಕ್ಕೆ ಕಲಿಸಿದರಾಯಿತು. ನಿಮ್ಮ ರಿಮೋಟ್ ಯಾವ ಜಾತಿಯದೆಂದು ತಿಳಿಯದಿದ್ದರೆ ಫೋನಿನ ಕ್ಯಾಮೆರಾ ಮುಂದೆ ಹಿಡಿದು ಬಟನ್ ಒತ್ತಿ. ಇನ್‌ಫ್ರಾರೆಡ್ ಆದರೆ ಮೂತಿಯಲ್ಲಿ ನೇರಳೆ ಬೆಳಕು ಮಿನುಗುತ್ತದೆ. ಹಿಂಬದಿ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ.

ಹಳೆಯ ರಿಮೋಟ್‌ಗಳನ್ನು ಗುಜರಿಗೆ ಹಾಕಬೇಡಿ. ಹೊಸದು ಕೈತಪ್ಪಿ ಬಿದ್ದು ಹಾಳಾದರೆ ಇನ್ನೊಂದಕ್ಕೆ ಪಾಠ ಹೇಳಲು ಅವೇ ಬೇಕು. ಸೆಲ್ ಮಾತ್ರ ತೆಗೆದಿಡಿ, ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗ್ ತಿನ್ನುತ್ತದೆ.