ಎದೆ ಕೆಳಗಿನ ಅಳತೆಗೆ ನಾಲ್ಕು ಇಂಚು ಕೂಡಿಸ್ತಾರಾ? ಆ ಅಂಗಡಿಯಿಂದ ಎದ್ದು ಬನ್ನಿ

ಹೆಣ್ಣುಮಕ್ಕಳೇ, ದಯವಿಟ್ಟು ಪೂರ್ತಿ ಓದಿ. ಬ್ರಾ ಅಂಗಡಿಯಲ್ಲಿ ಯಾರಾದರೂ ನಿಮ್ಮ ಎದೆ ಕೆಳಗೆ ಟೇಪು ಸುತ್ತಿ, ಬಂದ ನಂಬರಿಗೆ ನಾಲ್ಕೋ ಐದೋ ಇಂಚು ಸೇರಿಸಿ "ಇದೇ ನಿಮ್ಮ ಸೈಜು" ಅಂದರೆ ದುಡ್ಡು ಕೊಡಬೇಡಿ. ನನಗೆ ಇದನ್ನು ಮೊದಲೇ ಯಾರೂ ಹೇಳಿರಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ, ಬರೆಯದೆ ಇರಲು ಆಗುತ್ತಿಲ್ಲ.

ಅಂಗಡಿಯ ಹೆಸರು ಹಾಕುವುದಿಲ್ಲ. "ಅಳತೆ ಫ್ರೀ, ಫಿಟ್ಟಿಂಗ್ ಎಕ್ಸ್‌ಪರ್ಟ್ ಇದ್ದಾರೆ" ಅಂತ ಬೋರ್ಡ್ ಹಾಕಿಕೊಂಡವರು ಅವರು. ಆ ಬೋರ್ಡ್ ನೋಡಿಯೇ ಒಳಗೆ ಹೋದೆ. ಹಳೆಯ ಬ್ರಾಗಳ ಪಟ್ಟಿ ಬೆನ್ನ ಮೇಲೆ ಹತ್ತುತ್ತಿತ್ತು, ಕೈ ಎತ್ತಿದರೆ ಕೆಳಗಿನಿಂದ ಎಲ್ಲ ಹೊರಗೆ ಬರುತ್ತಿತ್ತು. ಒಂದು ಸಲ ಗೊತ್ತಿರುವವರ ಹತ್ತಿರ ಸರಿಯಾಗಿ ಅಳತೆ ತೆಗೆಸಿ ಒಳ್ಳೆಯದನ್ನೇ ತಗೊಳ್ಳೋಣ ಅಂತ.

ಆ ಎಕ್ಸ್‌ಪರ್ಟ್ ಬಂದರು. ಟಾಪ್ ತೆಗೆಯಿರಿ ಅಂತ ಹೇಳಲಿಲ್ಲ, ಒಳಗೆ ಕರೆದುಕೊಂಡು ಹೋಗಲೂ ಇಲ್ಲ. ಅಲ್ಲೇ ಕೌಂಟರ್ ಪಕ್ಕ ನಿಲ್ಲಿಸಿ ಬಟ್ಟೆ ಮೇಲೆಯೇ ಟೇಪು ಸುತ್ತಿದರು. ಎದೆ ಕೆಳಗೆ 32 ಬಂತು, ನಾನೇ ಕಣ್ಣಾರೆ ನೋಡಿದೆ. ಎದೆ ಮೇಲೆ 37. ಚೀಟಿಯಲ್ಲಿ ಬರೆದದ್ದು ಮಾತ್ರ "32 + 4", ಅಂದರೆ 36.

"32 ಅಲ್ವಾ ಬಂದದ್ದು?" ಅಂತ ಕೇಳಿದೆ.

"ಅದಕ್ಕೆ ನಾಲ್ಕು ಸೇರಿಸಬೇಕು ಮೇಡಂ. ಉಸಿರಾಡೋಕೆ ಜಾಗ ಬೇಡ್ವಾ? ಎಲ್ಲರಿಗೂ ಹಾಗೇ ಮಾಡೋದು."

ಎಷ್ಟು ಧೈರ್ಯವಾಗಿ ಹೇಳಿದರು ಅಂದರೆ ಎದುರಿಗಿದ್ದವರು ನಂಬಲೇಬೇಕು. ಆ ನಂಬರ್ ಪಟ್ಟಿಯದು, ಎದೆಯ ಅಳತೆ ಅದಕ್ಕಿಂತ ಎಷ್ಟು ಇಂಚು ಜಾಸ್ತಿ ಅನ್ನುವುದರ ಮೇಲೆ ಕಪ್ ಅಕ್ಷರ. 37ರಲ್ಲಿ 36 ಕಳೆದರೆ ಒಂದು, ಅಂದರೆ ಅವರದೇ ಲೆಕ್ಕದಲ್ಲಿ ಎ ಕಪ್ ಬರಬೇಕು. ಅದೂ ಬರಲಿಲ್ಲ. "ಎ ನಿಮಗೆ ಸಣ್ಣ ಆಗುತ್ತೆ, ಬಿ ಕೊಡ್ತೀನಿ" ಅಂತ 36ಬಿ ತೆಗೆದು ಕೈಗಿಟ್ಟರು. ತಮ್ಮ ಲೆಕ್ಕ ತಪ್ಪು ಅಂತ ಅವರಿಗೇ ಗೊತ್ತಿದೆ ಅಂತ ತಾನೇ ಇದರ ಅರ್ಥ?

ಟ್ರಯಲ್ ರೂಮಲ್ಲಿ ಹಾಕಿ ನೋಡಿದೆ. ಕಪ್ ಮೇಲಿನ ಅಂಚು ಎದೆಯನ್ನು ಅಡ್ಡಕ್ಕೆ ಕತ್ತರಿಸಿದ ಹಾಗೆ ಕೂತಿತ್ತು, ಮೇಲೆ ಉಬ್ಬು. ಕಂಕುಳ ಹತ್ತಿರವೂ ಹೊರಗೆ ಬರುತ್ತಿತ್ತು. ಕಪ್ ಕೆಳಗಿನ ವೈರ್ ಎದೆಯ ಬುಡಕ್ಕೆ ಕೂರದೆ ಎದೆ ಮೇಲೆಯೇ ಒತ್ತುತ್ತಿತ್ತು. ಕಪ್ ತುಂಬಿ ಹೊರಗೆ ಬರ್ತಾ ಇದೆ ಅಂತ ಪರದೆಯ ಒಳಗಿನಿಂದ ಮೆಲ್ಲಗೆ ಹೇಳಿದೆ. ಆ ಹೆಂಗಸು ಅಲ್ಲಿಂದಲೇ ಕೌಂಟರಲ್ಲಿದ್ದ ಹುಡುಗನಿಗೆ ಕೂಗಿದರು: "ಮೇಡಂಗೆ 36 ಬಿ ಸಾಲ್ತಾ ಇಲ್ಲ, 38 ಕೊಡು!" ಇಡೀ ಅಂಗಡಿಗೆ ಕೇಳಿಸಿತು. ಅಲ್ಲಿ ಗಂಡಸರೂ ನಿಂತಿದ್ದರು. ಮುಖ ಬಿಸಿಯಾಗಿ ಹೋಯಿತು. ಆಮೇಲೆ ಅಲ್ಲಿಂದ ಬೇಗ ಹೊರಗೆ ಹೋದರೆ ಸಾಕು ಅನ್ನಿಸಿಬಿಟ್ಟಿತ್ತು.

38ಬಿ ಬಂತು. ಮೋಸ ಆದದ್ದು ಇಲ್ಲೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅವರೇ ಪರದೆ ಸರಿಸಿ ಒಳಗೆ ಬಂದರು, ಕೇಳಲೂ ಇಲ್ಲ. ಹಿಂದಿನ ಹುಕ್ಕನ್ನು ಎಲ್ಲಕ್ಕಿಂತ ಒಳಗಿನ ಸಾಲಿಗೆ, ಅಂದರೆ ತುಂಬಾ ಬಿಗಿಯಾಗುವ ಸಾಲಿಗೆ ಹಾಕಿದರು. ಎರಡೂ ಸ್ಟ್ರಾಪನ್ನು ಇನ್ನು ಎಳೆಯಲು ಆಗದಷ್ಟು ಎಳೆದರು. "ಈಗ ನೋಡಿ ಮೇಡಂ, ಹೇಗೆ ಎತ್ತಿ ಹಿಡಿದಿದೆ!" ಕನ್ನಡಿಯಲ್ಲಿ ಚೆನ್ನಾಗಿಯೇ ಕಂಡಿತು. ಕಪ್ ಮೇಲೆ ಉಬ್ಬಿಲ್ಲ, ಎದೆ ಮೇಲೆ ನಿಂತಿದೆ. ಅಬ್ಬಾ, ಕೊನೆಗೂ ಸಿಕ್ತು ಅನ್ನಿಸಿತು. ಸೆಟ್ ತಗೊಂಡರೆ ಕಡಿಮೆ ಬೀಳುತ್ತೆ ಅಂದರು, ಸೆಟ್ಟೇ ತಗೊಂಡೆ.

ಒಂದು ದಿನ ಹಾಕಿಕೊಂಡು ಕೆಲಸ ಮಾಡಿದ ಮೇಲೆ ಗೊತ್ತಾಯಿತು. ಸಂಜೆ ಹೊತ್ತಿಗೆ ಹೆಗಲ ಮೇಲೆ ಕೆಂಪು ಗೆರೆ, ಮುಟ್ಟಿದರೆ ಉರಿ. ಹಿಂದಿನ ಪಟ್ಟಿ ಬೆನ್ನ ನಡುವಿಗೆ ಹತ್ತಿ ಕೂತಿದೆ. ಹಿಂದೆ ಮೇಲೆ ಹೋದಷ್ಟೂ ಮುಂದೆ ಎದೆ ಕೆಳಗೆ ಇಳಿಯುತ್ತದೆ. ವೈರ್ ಜಾರಿ ಪಕ್ಕದಲ್ಲಿ ಚುಚ್ಚುತ್ತಿದೆ. ಬೆನ್ನ ಹಿಂದೆ ಪಟ್ಟಿ ಹಿಡಿದು ಎಳೆದರೆ ನನ್ನ ಇಡೀ ಮುಷ್ಟಿ ಒಳಗೆ ಹೋಗುತ್ತದೆ. ಹೊಸ ಬ್ರಾ, ಅದೂ ಬಿಗಿ ಹುಕ್ಕಿನಲ್ಲಿ!

ಮನೆಯಲ್ಲಿ ಬಟ್ಟೆ ಹೊಲಿಯುವ ಟೇಪು ತಗೊಂಡು ಕನ್ನಡಿ ಮುಂದೆ ನಿಂತೆ. ಬರೀ ಮೈ ಮೇಲೆ, ಎದೆಯ ಬುಡದಲ್ಲಿ, ಟೇಪು ಹಿಂದೆ ಮುಂದೆ ಒಂದೇ ಮಟ್ಟದಲ್ಲಿ ಇರುವ ಹಾಗೆ ನೋಡಿಕೊಂಡು, ಉಸಿರು ಬಿಟ್ಟು ಬಿಗಿಯಾಗಿ ಅಳೆದೆ. 32. ಎದೆಯ ಅತಿ ತುಂಬಿದ ಜಾಗದಲ್ಲಿ, ಸ್ವಲ್ಪ ಮುಂದಕ್ಕೆ ಬಾಗಿ, ಅಲ್ಲಿ ಮಾತ್ರ ಟೇಪು ಬಿಗಿ ಮಾಡದೆ ಅಳೆದೆ. 37. ವ್ಯತ್ಯಾಸ ಐದು ಇಂಚು. ಒಂದು ಇಂಚಿಗೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ, ನಾಲ್ಕಕ್ಕೆ ಡಿ, ಐದಕ್ಕೆ ಡಬಲ್ ಡಿ. ನನ್ನದು 32 ಡಬಲ್ ಡಿ. ಅವರು ಕೊಟ್ಟದ್ದು 38ಬಿ!

ಹಾಗಾದರೆ ಅಂಗಡಿ ಕನ್ನಡಿಯಲ್ಲಿ ಅದು ಚೆನ್ನಾಗಿ ಕಂಡದ್ದು ಹೇಗೆ? ಇದೇ ನೋಡಿ ಎಲ್ಲರೂ ಬೀಳುವ ಗುಂಡಿ. ಕಪ್ ಅಕ್ಷರಕ್ಕೆ ತನ್ನಷ್ಟಕ್ಕೆ ಅರ್ಥವೇ ಇಲ್ಲ, ಜೊತೆಗೆ ಇರುವ ನಂಬರ್ ನೋಡಬೇಕು. 32 ಡಬಲ್ ಡಿ, 34ಡಿ, 36ಸಿ, 38ಬಿ, ಇವೆಲ್ಲದರ ಕಪ್ಪಿನಲ್ಲಿ ಹಿಡಿಸುವುದು ಹೆಚ್ಚುಕಡಿಮೆ ಒಂದೇ. ಸಿಸ್ಟರ್ ಸೈಜ್ ಅಂತಾರೆ. ಬೇರೆಯಾಗುವುದು ಪಟ್ಟಿ. ಹಾಗಾಗಿ 38ಬಿ ಕಪ್ಪಲ್ಲಿ ನನ್ನ ಎದೆ ಹಿಡಿಸಿತು. ಮೈಗೆ ಮಾತ್ರ ಅದು ಮೂರು ಸೈಜ್ ದೊಡ್ಡದು. ಬ್ರಾದಲ್ಲಿ ಭಾರ ಹೊರಬೇಕಾದ್ದು ಮುಖ್ಯವಾಗಿ ಆ ಪಟ್ಟಿಯೇ. ಅದು ಸಡಿಲವಾದರೆ ಇಡೀ ಭಾರ ಹೆಗಲಿಗೆ. ಅದಕ್ಕೇ ಅವರು ಸ್ಟ್ರಾಪ್ ಅಷ್ಟು ಎಳೆದದ್ದು. ಅದಕ್ಕೇ ಬಿಗಿ ಹುಕ್ಕು ಹಾಕಿದ್ದು. ಹೊಸ ಬ್ರಾ ಯಾವತ್ತೂ ಹೊರಗಿನ, ಸಡಿಲ ಹುಕ್ಕಿನಲ್ಲೇ ಸರಿಯಾಗಿ ಹಿಡಿಯಬೇಕು. ಒಳಗಿನ ಹುಕ್ಕುಗಳು ಇರುವುದು ಎಲಾಸ್ಟಿಕ್ ಸಡಿಲ ಆದಮೇಲೆ ಬೇಕು ಅಂತ. ಇದು ಗೊತ್ತಿಲ್ಲದವರು ಎಕ್ಸ್‌ಪರ್ಟ್ ಹೇಗೆ ಆಗ್ತಾರೆ? ಗೊತ್ತಿದ್ದೂ ಹಾಗೆ ಮಾಡಿದರೆ ಅದಕ್ಕೆ ಏನು ಅನ್ನಬೇಕು?

ವಾಪಸ್ ಹೋದೆ. ಒಂದನ್ನು ಮಾತ್ರ ಹಾಕಿದ್ದೆ, ಉಳಿದವು ಟ್ಯಾಗ್ ಸಮೇತ ಹಾಗೇ ಇದ್ದವು. ಅವರು ಕೊಟ್ಟ ಉತ್ತರಗಳನ್ನು ಹಾಗೆ ಹಾಗೇ ಬರೆಯುತ್ತೇನೆ.

"ಹೊಸದು ಅಲ್ವಾ ಮೇಡಂ, ಹಾಕ್ತಾ ಹಾಕ್ತಾ ಸರಿ ಹೋಗುತ್ತೆ." ಎಲಾಸ್ಟಿಕ್ ಹಾಕ್ತಾ ಹಾಕ್ತಾ ಇನ್ನೂ ಸಡಿಲ ಆಗುತ್ತದೆಯೇ ಹೊರತು ಬಿಗಿ ಆಗುತ್ತಾ?

"ಬ್ರಾ ಅಂದಮೇಲೆ ಸ್ವಲ್ಪ ಚುಚ್ಚೇ ಚುಚ್ಚುತ್ತೆ." ಇಲ್ಲ. ವೈರ್ ಎದೆಯ ಬುಡದ ಸುತ್ತ ಪೂರ್ತಿ ಕೂತಿದ್ದರೆ, ಎರಡು ಕಪ್ಪಿನ ನಡುವಿನ ಭಾಗ ಎದೆಮೂಳೆಗೆ ಅಂಟಿದ್ದರೆ, ದಿನವಿಡೀ ಚುಚ್ಚಬೇಕಾಗಿಲ್ಲ.

"ಡಬಲ್ ಡಿನಾ? ನೀವು ಅಷ್ಟು ದಪ್ಪ ಇಲ್ವಲ್ಲ! ಡಿ ಅಂದ್ರೇನೇ ಕೊನೇ ಸೈಜು." ಇದನ್ನು ಕೇಳಿದಾಗ ಮೈ ಉರಿದು ಹೋಯಿತು. ದಪ್ಪಕ್ಕೂ ಇದಕ್ಕೂ ಏನು ಸಂಬಂಧ? ಕಪ್‌ಗೆ ಎ, ಬಿ, ಸಿ, ಡಿ ಅಂತ ಅಕ್ಷರ ಬಂದದ್ದು 1930ರ ದಶಕದಲ್ಲಿ, ಅಮೆರಿಕದಲ್ಲಿ. ಆಗ ಡಿಗೇ ಮುಗಿದಿತ್ತು. ಈಗ ಅದರಾಚೆ ಎಫ್, ಜಿ, ಇನ್ನೂ ಮುಂದಕ್ಕೂ ಮಾಡುತ್ತಾರೆ. ಸಣ್ಣ ಮೈಯ ಹುಡುಗಿಗೂ ಡಿ, ಇ ಬರಬಹುದು. ಅವರ ಅಂಗಡಿಯಲ್ಲಿ 32ರಲ್ಲಿ ಇದ್ದದ್ದು ಬಿ, ಸಿ ಅಷ್ಟೇ, ನಾನೇ ರ‍್ಯಾಕ್ ಪೂರ್ತಿ ಹುಡುಕಿದೆ. "ನಿಮ್ಮ ಸೈಜ್ ನಮ್ಮಲ್ಲಿ ಇಲ್ಲ" ಅಂತ ಒಂದು ಮಾತು ಹೇಳಿದ್ದರೆ ಬೇಜಾರಿಲ್ಲದೆ ಬರುತ್ತಿದ್ದೆ. ಇರುವ ಮಾಲಿಗೆ ನನ್ನ ಮೈಯನ್ನು ಹೊಂದಿಸೋಕೆ ನೋಡಿದರು.

ಕೊನೆಗೆ ಸೂಪರ್‌ವೈಸರ್ ಬಂದ. "ಇನ್ನರ್‌ವೇರ್ ಎಕ್ಸ್‌ಚೇಂಜ್ ಇಲ್ಲ ಮೇಡಂ, ಬಿಲ್ ಹಿಂದೆ ಬರೆದಿದೆ." ಹಾಕಿದ್ದನ್ನು ವಾಪಸ್ ತಗೊಳ್ಳಿ ಅಂತ ನಾನು ಕೇಳಲಿಲ್ಲ, ಟ್ಯಾಗ್ ಇರುವುದನ್ನು ಬದಲಾಯಿಸಿ ಕೊಡಿ ಅಂದೆ. ಅಳತೆ ತಪ್ಪು ಮಾಡಿದ್ದು ನೀವು ಅಂದೆ. ಅವರೇ ಬರೆದ ಚೀಟಿ ತೋರಿಸಿದೆ. "ಅಳತೆ ನಮ್ಮ ಕಡೆಯಿಂದ ಫ್ರೀ ಸರ್ವೀಸ್ ಮೇಡಂ, ಅದಕ್ಕೆ ಗ್ಯಾರಂಟಿ ಇರಲ್ಲ. ಟ್ರಯಲ್ ಮಾಡಿ ಒಪ್ಪಿಕೊಂಡು ತಗೊಂಡವರು ನೀವೇ ಅಲ್ವಾ?" ಎಕ್ಸ್‌ಪರ್ಟ್ ಅಂತ ಬೋರ್ಡ್ ಹಾಕಿ ಒಳಗೆ ಕರೆಯೋದು, ಕೇಳಿದರೆ ಗ್ಯಾರಂಟಿ ಇಲ್ಲ ಅನ್ನೋದು!

ಅಷ್ಟರಲ್ಲಿ ಪಕ್ಕದಲ್ಲೇ ಅದೇ ಹೆಂಗಸು ಇನ್ನೊಂದು ಹುಡುಗಿಗೆ ಅಳತೆ ತೆಗೆಯುತ್ತಿದ್ದರು. ಹೈಸ್ಕೂಲ್ ವಯಸ್ಸಿರಬೇಕು, ತಾಯಿ ಜೊತೆ ಬಂದಿದ್ದಳು. ದಪ್ಪ ಸ್ವೆಟರ್ ಮೇಲೆಯೇ ಟೇಪು. "30 ಪ್ಲಸ್ 4, 34" ಅಂತ ಮತ್ತೆ ಅದೇ ಲೆಕ್ಕ. ಸುಮ್ನೆ ಇರೋಕೆ ಆಗಲಿಲ್ಲ. "ಆ ನಾಲ್ಕು ಸೇರಿಸಬೇಡಿ, ಆ ಹುಡುಗಿಗೆ ಸಡಿಲ ಆಗುತ್ತೆ" ಅಂದೆ. ತಾಯಿ ನನ್ನ ಮುಖ ನೋಡಿದರು. ಸೂಪರ್‌ವೈಸರ್ ಅಡ್ಡ ಬಂದು ನಿಂತ. "ಮೇಡಂ, ಬೇರೆ ಕಸ್ಟಮರ್‌ಗೆ ತೊಂದರೆ ಕೊಡಬೇಡಿ." ತೊಂದರೆ ಕೊಟ್ಟದ್ದು ನಾನಂತೆ. ಆ ಹುಡುಗಿ 34 ಹಿಡಿದುಕೊಂಡೇ ಬಿಲ್ಲಿಗೆ ಹೋದಳು. ಅದೇ ಈಗಲೂ ಹೊಟ್ಟೆಯಲ್ಲಿ ಸಂಕಟ.

ನಿಮಗೆ ಹೇಳುವುದಿಷ್ಟು. ಅಳತೆ ಮನೆಯಲ್ಲೇ ತಗೊಂಡು ಬರೆದಿಟ್ಟುಕೊಂಡು ಹೋಗಿ. ಅದು ಶುರು ಮಾಡಲು ಮಾತ್ರ, ಬ್ರಾಂಡಿಂದ ಬ್ರಾಂಡಿಗೆ ಸ್ವಲ್ಪ ಆಚೆ ಈಚೆ ಆಗುತ್ತದೆ, ಹಾಕಿ ನೋಡಲೇಬೇಕು. ಡಬಲ್ ಡಿ ದಾಟಿದ ಮೇಲೆ ಬ್ರಿಟನ್ ಅಕ್ಷರ ಬೇರೆ, ಅಮೆರಿಕದ್ದು ಬೇರೆ, ಆ ಬ್ರಾಂಡಿನ ಚಾರ್ಟ್ ನೋಡಿ. ಯೂರೋಪಿನ ಸೈಜ್ ಸೆಂಟಿಮೀಟರಲ್ಲಿ ಇರುತ್ತದೆ, 70 ಅಂದರೆ ನಮ್ಮ 32. ಟ್ರಯಲ್ ರೂಮಲ್ಲಿ ಹೊರಗಿನ ಹುಕ್ಕು ಹಾಕಿ, ಮುಂದಕ್ಕೆ ಬಾಗಿ, ಕಂಕುಳ ಕಡೆಯಿಂದ ಎದೆಯನ್ನು ಕೈಯಿಂದ ಕಪ್ ಒಳಗೆ ತಂದುಕೊಳ್ಳಿ. ತುಂಬಾ ಜನ ಇದನ್ನು ಮಾಡುವುದೇ ಇಲ್ಲ, ಇದನ್ನು ಮಾಡಿದ ತಕ್ಷಣ ಸರಿ ಅನ್ನಿಸಿದ್ದ ಕಪ್ ಸಣ್ಣದಾಗಿ ಕಾಣಬಹುದು. ಆಮೇಲೆ ಎರಡೂ ಸ್ಟ್ರಾಪನ್ನು ಹೆಗಲಿಂದ ಕೆಳಗೆ ಇಳಿಸಿ ನಿಂತುಕೊಳ್ಳಿ. ಪಟ್ಟಿ ಜಾಗದಲ್ಲೇ ನಿಲ್ಲಬೇಕು. ಜಾರಿದರೆ ಅದು ನಿಮ್ಮ ಸೈಜ್ ಅಲ್ಲ, ಯಾರು ಏನೇ ಹೇಳಲಿ. ಕೈ ಎತ್ತಿ, ಕೂತು, ಎದ್ದು ನೋಡಿ. ಎರಡು ಕಡೆ ಒಂದೇ ಸಮ ಇರುವವರು ಕಡಿಮೆ, ದೊಡ್ಡ ಕಡೆಗೆ ಸರಿಯಾಗುವ ಕಪ್ ತಗೊಳ್ಳಿ. ಮೈ ಇಳಿದಾಗ, ಏರಿದಾಗ, ಬಸುರಿಯಾದಾಗ, ಹಾಲೂಡಿಸುವಾಗ ಸೈಜ್ ಬದಲಾಗುತ್ತದೆ, ಹಳೆ ನಂಬರ್ ಹಿಡಿದುಕೊಂಡು ಕೂರಬೇಡಿ.

ಸೆಟ್ ತಗೋಬೇಡಿ. ಒಂದೇ ಒಂದು ತಗೊಳ್ಳಿ, ಒಂದು ದಿನ ಹಾಕಿ ನೋಡಿ, ಆಮೇಲೆ ಬೇಕಾದರೆ ಇನ್ನೊಂದು. ದುಡ್ಡು ಕೊಡುವ ಮೊದಲೇ ಎಕ್ಸ್‌ಚೇಂಜ್ ಇದೆಯಾ ಅಂತ ಕೇಳಿ, ಇದೆ ಅಂದರೆ ಬಿಲ್ ಮೇಲೆ ಬರೆಸಿಕೊಳ್ಳಿ. ಪರದೆ ಒಳಗೆ ಕೇಳದೆ ಬಂದರೆ ಹೊರಗೆ ಹೋಗಿ ಅಂತ ಹೇಳಿ, ನಾಚಿಕೆ ಬೇಡ. ನಾಚಿಕೊಳ್ಳಬೇಕಾದವರು ಅವರು.

ನನ್ನ ದುಡ್ಡು ವಾಪಸ್ ಬಂದಿಲ್ಲ. ಲಿಖಿತವಾಗಿ ದೂರು ಕಳಿಸಿದ್ದಕ್ಕೆ ಬಂದ ಉತ್ತರ ಒಂದೇ ಸಾಲು: "ನಮ್ಮ ಸಿಬ್ಬಂದಿ ಸರಿಯಾಗಿಯೇ ಅಳತೆ ತೆಗೆದಿದ್ದಾರೆ." ಅವರ ಕೈಬರಹದಲ್ಲೇ "32 + 4" ಅಂತ ಇರುವ ಚೀಟಿಯ ಫೋಟೋ ಮತ್ತೆ ಕಳಿಸಿದ್ದೇನೆ. ಅದಕ್ಕೆ ಇನ್ನೂ ಉತ್ತರ ಇಲ್ಲ.