18,500 ರೂಪಾಯಿಯ ರೂಟರ್ ಮತ್ತು ನಮ್ಮ ಮುರಕಲ್ಲಿನ ಗೋಡೆ

ಹೋದ ವರ್ಷ ಮೇ ತಿಂಗಳಲ್ಲಿ 18,500 ರೂಪಾಯಿ ಕೊಟ್ಟು ಒಂದು ವೈ-ಫೈ ರೂಟರ್ ತಗೊಂಡೆ. ಆರು ಆಂಟೆನಾ, ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಎಎಕ್ಸ್ 5400 ಎಂದು ಬರೆದಿತ್ತು. ಅಷ್ಟು ದುಡ್ಡು ಹಾಕುವ ಯೋಚನೆಯಲ್ಲಿ ನೀವಿದ್ದರೆ, ಅದರಲ್ಲೂ ಉಡುಪಿ, ಮಂಗಳೂರು ಕಡೆಯ ಹಳೇ ಮನೆಯವರಾಗಿದ್ದರೆ, ಇದನ್ನು ಓದಿ ಆಮೇಲೆ ಅಂಗಡಿಗೆ ಹೋಗಿ. ಬ್ರಾಂಡಿನ ಹೆಸರು ಹೇಳುವುದಿಲ್ಲ, ಯಾಕೆಂದರೆ ರೂಟರಿನಲ್ಲಿ ತಪ್ಪಿಲ್ಲ. ನಮ್ಮ ಮನೆಗೆ ಬೇಕಾಗಿದ್ದದ್ದು ಬೇರೆಯೇ ಇತ್ತು.

ನಮ್ಮ ಮನೆ ಬ್ರಹ್ಮಾವರದ ಹತ್ತಿರ. ಮುಂದಿನ ಭಾಗ ಅಜ್ಜನ ಕಾಲದ್ದು. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ, ಮೇಲೆ ಮುಚ್ಚಿಗೆ, ಅದರ ಮೇಲೆ ಹಂಚು. ಹಿಂದುಗಡೆ ಅಪ್ಪಯ್ಯ ಆಮೇಲೆ ಸೇರಿಸಿದ ಎರಡು ಕೋಣೆಗೆ ಆರ್‌ಸಿಸಿ ಸ್ಲ್ಯಾಬ್, ಆ ಸ್ಲ್ಯಾಬಿನ ಮೇಲೆ ನನ್ನ ಕೆಲಸದ ಕೋಣೆ. ಫೈಬರ್ ಎಳೆಯಲು ಬಂದ ಹುಡುಗರು ರಸ್ತೆಗೆ ಹತ್ತಿರ ಆಗುತ್ತದೆ ಎಂದು ಚಾವಡಿಯ ಬಾಗಿಲ ಪಕ್ಕದಲ್ಲೇ ತೂತು ಕೊರೆದು, ಅಲ್ಲೇ ಕಂಪನಿಯ ವೈ-ಫೈ ಡಬ್ಬಿ ಸಿಕ್ಕಿಸಿ ಹೋದರು. ಆಗ ನಾವೂ ಏನೂ ಹೇಳಲಿಲ್ಲ. ಇಡೀ ಮನೆಯಲ್ಲಿ ನನ್ನ ಕೋಣೆಗೆ ಅತಿ ದೂರದ ಮೂಲೆ ಅದೇ.

ಪ್ಲಾನ್ 200 ಎಂಬಿಪಿಎಸ್, ಅಂದರೆ ಇಂಟರ್‌ನೆಟ್ ವೇಗದ ಅಳತೆ, ಮುಂದೆ ಹೇಳುವ ವೇಗದ ಅಂಕಿಗಳೂ ಇದರಲ್ಲೇ. ಚಾವಡಿಯಲ್ಲಿ 185 ಬರುತ್ತಿತ್ತು, ಮೇಲಿನ ಕೋಣೆಯಲ್ಲಿ 6. ಮೀಟಿಂಗಿನಲ್ಲಿ ನಾನು ಮಾತಾಡಿದರೆ ಆ ಕಡೆಯವರಿಗೆ ಅರ್ಧ ಮಾತು ಕೇಳುತ್ತಿತ್ತು, ಇನ್ನರ್ಧ ಗೋಡೆಯಲ್ಲೇ ಉಳಿಯುತ್ತಿತ್ತು. ಲೈನ್ ಕೊಟ್ಟವರಿಗೆ ಫೋನ್ ಮಾಡಿದರೆ 300ರ ಪ್ಲಾನಿಗೆ ಹೋಗಿ ಎಂದರು. ಈ ಸಲಹೆಯ ಮೇಲೆ ನನಗೆ ಈಗಲೂ ಸಿಟ್ಟಿದೆ. ಚಾವಡಿಯಲ್ಲಿ 185 ಸರಿಯಾಗಿ ಬರುತ್ತಿದೆ ಎಂದಮೇಲೆ ಲೈನಿನಲ್ಲಿ ಏನು ಕೊರತೆ? 300 ಮಾಡಿದ್ದರೆ ಚಾವಡಿಯಲ್ಲಿ 280 ಬರುತ್ತಿತ್ತು, ಮೇಲೆ ಅದೇ 6. ತಿಂಗಳು ತಿಂಗಳು ಜಾಸ್ತಿ ಬಿಲ್ ಕಟ್ಟಿಕೊಂಡು ಇರುತ್ತಿದ್ದೆವು.

ಹಾಗಾಗಿ ರೂಟರ್ ಬದಲಿಸಿದೆ. ಬಂದ ದಿನವೇ ಫೋನ್ ಹಿಡಿದು ಕೋಣೆ ಕೋಣೆ ಸುತ್ತಿ ಅಳೆದೆ. ಚಾವಡಿಯಲ್ಲಿ 185 ಇದ್ದದ್ದು 192 ಆಯಿತು. ಅಡುಗೆಮನೆಯಲ್ಲಿ 60 ಇದ್ದದ್ದು 95. ಮೇಲಿನ ಕೋಣೆಯಲ್ಲಿ 6 ಇದ್ದದ್ದು 22. ನೆಟ್‌ಫ್ಲಿಕ್ಸ್ 4ಕೆ ವಿಡಿಯೋಗೆ ಕೇಳುವುದೇ 15, ಹಾಗಾಗಿ 22 ಕೆಟ್ಟದ್ದಲ್ಲ. ಒಂದೆರಡು ವಾರ ಖುಷಿಯಲ್ಲೇ ಇದ್ದೆ. ಆದರೆ ಅದು ನಿಲ್ಲುವ 22 ಆಗಿರಲಿಲ್ಲ. ಬಾಗಿಲು ಹಾಕಿದರೆ 15, ಕಬ್ಬಿಣದ ಕಪಾಟಿನ ಪಕ್ಕ ಕೂತರೆ 11. ಜೂನ್ ಬಂತು, ಮಳೆ ಹಿಡಿಯಿತು, ಗೋಡೆ ಒದ್ದೆಯಾಯಿತು, ಕಿಟಕಿ ಪಕ್ಕದಲ್ಲೂ 9ಕ್ಕೆ ಇಳಿಯಿತು. ಮುರಕಲ್ಲು ನೀರು ಕುಡಿಯುವ ಕಲ್ಲು ಅಲ್ವಾ, ನೀರು ಕುಡಿದ ಗೋಡೆ ಸಿಗ್ನಲನ್ನೂ ಕುಡಿಯುತ್ತದೆ. 18,500 ರೂಪಾಯಿ ಕೊಟ್ಟು ಮಳೆಗಾಲದಲ್ಲಿ 6ರ ಬದಲು 9.

ಆಮೇಲೆ ಕೂತು ಓದಿದೆ. ಮೊದಲೇ ಓದಬೇಕಿತ್ತು. ಪೆಟ್ಟಿಗೆಯ ಮೇಲಿನ 5400 ಎಲ್ಲಿಂದ ಬಂತು ಗೊತ್ತಾ? ರೂಟರ್ ಎರಡು ರೇಡಿಯೋ ಅಲೆಗಳಲ್ಲಿ ಸಿಗ್ನಲ್ ಬಿಡುತ್ತದೆ, 2.4 ಗಿಗಾಹರ್ಟ್ಸ್‌ನಲ್ಲಿ 574, 5 ಗಿಗಾಹರ್ಟ್ಸ್‌ನಲ್ಲಿ 4804, ಎರಡನ್ನೂ ಕೂಡಿಸಿ ಸ್ವಲ್ಪ ಮೇಲಕ್ಕೆ ಮಾಡಿದ ಲೆಕ್ಕ. ಆ 4804 ಸಿಗಬೇಕಾದರೆ ಎದುರಿನ ಸಾಧನದಲ್ಲೂ ನಾಲ್ಕು ಆಂಟೆನಾ ಇರಬೇಕು, ಚಾನಲ್, ಅಂದರೆ ಸಿಗ್ನಲ್ ಓಡಾಡುವ ದಾರಿ, 160 ಮೆಗಾಹರ್ಟ್ಸ್ ಅಗಲ ಇರಬೇಕು. ನಮ್ಮ ಕೈಯಲ್ಲಿರುವ ಫೋನ್‌ಗಳಲ್ಲಿ ಇರುವುದು ಎರಡೇ. 80 ಮೆಗಾಹರ್ಟ್ಸ್‌ನ ಮಾಮೂಲಿ ಚಾನಲ್‌ನಲ್ಲಿ ಅಂಥ ವೈ-ಫೈ 6 (ಎಎಕ್ಸ್ ಎಂದರೆ ಇದೇ) ಫೋನಿಗೆ ಸಿಗುವ ಜೋಡಣೆಯ ವೇಗ 1201. ನಿಜವಾಗಿ ಕೈಗೆ ಬರುವುದು ಅದರ ಅರ್ಧ, ತುಂಬಾ ಚೆನ್ನಾಗಿದ್ದರೆ ಮುಕ್ಕಾಲು. ಈಗ ಸುಮಾರು 3,000 ರೂಪಾಯಿಯ ಎಎಕ್ಸ್ 1500 ರೂಟರ್ ನೋಡಿ. ಅದು 300 ಕೂಡಿಸು 1201. ಅಂದರೆ ಅದೇ ಫೋನಿಗೆ ಅದೂ 1201 ಕೊಡುತ್ತದೆ! ಮನೆಗೆ ಬರುವ ಲೈನ್ 200 ಇರುವಾಗ ಈ ಎರಡು ರೂಟರ್‌ಗಳ ನಡುವಿನ ವ್ಯತ್ಯಾಸ ನಿಮ್ಮ ಫೋನಿಗೆ ಕಾಣುವುದೇ ಇಲ್ಲ.

ಜಾಸ್ತಿ ದುಡ್ಡು ಕೊಟ್ಟರೆ ದೂರ ಹೋಗುತ್ತದೆ ಎನ್ನುವುದೂ ಪೂರ್ತಿ ನಿಜವಲ್ಲ. ಎಷ್ಟು ಜೋರಾಗಿ ಸಿಗ್ನಲ್ ಬಿಡಬಹುದು ಎನ್ನುವುದಕ್ಕೆ ಸರ್ಕಾರದ ಮಿತಿ ಇದೆ, 3,000ದ್ದಕ್ಕೂ ಅದೇ, 30,000ದ್ದಕ್ಕೂ ಅದೇ. ಒಳ್ಳೆ ಆಂಟೆನಾ ಇದ್ದರೆ ಸ್ವಲ್ಪ ಅನುಕೂಲ ಆಗುತ್ತದೆ, ನನ್ನ 6 ರಿಂದ 22 ಆದದ್ದು ಹಾಗೆಯೇ ಇರಬೇಕು. ಆದರೆ ರೂಟರ್ ಕೂಗಿದ್ದು ಫೋನಿಗೆ ಕೇಳಿದರೆ ಸಾಲದು, ಫೋನ್ ಹೇಳಿದ್ದು ರೂಟರಿಗೂ ಕೇಳಬೇಕು. ಫೋನಿನ ಸ್ವರ ಸಣ್ಣದು. ಎಷ್ಟೋ ಸಲ ಕಡ್ಡಿ ಪೂರ್ತಿ ತೋರಿಸುತ್ತದೆ, ವಿಡಿಯೋ ಮಾತ್ರ ಸುತ್ತುತ್ತಾ ಕೂರುತ್ತದೆ. ಅದು ಇದಕ್ಕೇ.

ಇನ್ನೊಂದು ಗಮನಿಸಿದೆ. ಚಾವಡಿಯಿಂದ ಹೊರಗೆ, ಅಂಗಳದ ಆ ತುದಿಯಲ್ಲಿ ನಿಂತರೂ 80 ಬರುತ್ತದೆ. ತೆರೆದ ಬಾಗಿಲು ಮತ್ತು ಹಂಚಿನ ಮಾಡು ಸಿಗ್ನಲನ್ನು ಅಷ್ಟಾಗಿ ತಡೆಯುವುದಿಲ್ಲ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಶುರು ಮಾಡಿದ ಹಂಚು, ನಮ್ಮ ಕರಾವಳಿಯ ಮಳೆಗೆ ಹೇಳಿ ಮಾಡಿಸಿದ್ದು, ವೈ-ಫೈಗೂ ತೊಂದರೆ ಕೊಡುವುದಿಲ್ಲ ಎಂದು ನನಗೆ ಒಂಥರಾ ಸಂತೋಷ. ತೊಂದರೆ ಕೊಡುವುದು ದಪ್ಪ ಗೋಡೆ ಮತ್ತು ಒಳಗೆ ಕಬ್ಬಿಣದ ಸರಳು ಇರುವ ಸ್ಲ್ಯಾಬ್. ನನ್ನ ಕೋಣೆ ತಲುಪಲು ಸಿಗ್ನಲ್ ಮೂರು ಮುರಕಲ್ಲಿನ ಗೋಡೆ ಮತ್ತು ಒಂದು ಸ್ಲ್ಯಾಬ್ ದಾಟಬೇಕು. 5 ಗಿಗಾಹರ್ಟ್ಸ್ ಅಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. 2.4 ಗಿಗಾಹರ್ಟ್ಸ್ ಹೇಗೋ ತಲುಪುತ್ತದೆ, ಆದರೆ ಅದರ ವೇಗವೇ ಕಡಿಮೆ.

ಕರೆಂಟಿನ ವಿಷಯ ಯಾವ ವಿಮರ್ಶೆಯಲ್ಲೂ ನನಗೆ ಸಿಗಲಿಲ್ಲ, ನಮ್ಮ ಕಡೆ ಅದೇ ಮುಖ್ಯ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ಇದ್ದದ್ದೇ, ಅದಕ್ಕೆ ಹಳೇ ಡಬ್ಬಿಗೆ ಒಂದು ಸಣ್ಣ ಯುಪಿಎಸ್ ಹಾಕಿದ್ದೆವು, 12 ವೋಲ್ಟ್ 2 ಆಂಪಿನದ್ದು. ಹೊಸ ರೂಟರಿನ ಅಡಾಪ್ಟರ್ 12 ವೋಲ್ಟ್ 3.3 ಆಂಪ್. ಆ ಯುಪಿಎಸ್‌ಗೆ ಸಿಕ್ಕಿಸಿದರೆ ಆನ್ ಆಗುತ್ತಿತ್ತು, ಸ್ವಲ್ಪ ಹೊತ್ತಿಗೆ ಆಫ್, ಮತ್ತೆ ಆನ್. ಅದಕ್ಕೆ ಹೊಂದುವ ದೊಡ್ಡ ಯುಪಿಎಸ್ ಇನ್ನೊಂದು ಖರ್ಚು. ದೊಡ್ಡ ರೂಟರ್ ಕೊಳ್ಳುವ ಮುಂಚೆ ಅಡಾಪ್ಟರಿನ ಮೇಲೆ ಎಷ್ಟು ಆಂಪ್ ಇದೆ ಎಂದು ಓದಿ, ಇದೊಂದು ಮಾತು ಮರೆಯಬೇಡಿ.

ಸಿಡಿಲು ಕೂಡ ಹಾಗೆಯೇ. ಹಿಂದೆ ಟೆಲಿಫೋನ್ ತಂತಿಯ ಇಂಟರ್‌ನೆಟ್ ಇದ್ದಾಗ ನಮ್ಮ ಮನೆಯಲ್ಲಿ ಎರಡು ಮೋಡೆಮ್ ಸುಟ್ಟಿವೆ. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಆದರೆ ಪ್ಲಗ್ಗಿನಿಂದ, ಉದ್ದದ ಲ್ಯಾನ್ ಕೇಬಲಿನಿಂದ ಬರುತ್ತದೆ. ಸಿಡಿಲಿಗೆ ಸಾಮಾನ್ಯವಾಗಿ ವಾರಂಟಿ ಇರುವುದಿಲ್ಲ.

ಸಮಸ್ಯೆ ಬಗೆಹರಿದದ್ದು ಪಂಪಿನ ಕೆಲಸಕ್ಕೆ ಬಂದ ಎಲೆಕ್ಟ್ರಿಷಿಯನ್ ಹೇಳಿದ ಒಂದು ಮಾತಿನಿಂದ. ನಾನು ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟಿಂಗ್ ಮಾಡುವುದನ್ನು ನೋಡಿ, "ಎಂತ ಮಾರಾಯ್ರೆ, ತೋಟದ ಪಂಪಿಗೆ ಇನ್ನೂರು ಅಡಿ ವಯರ್ ಎಳೆಸಿದ್ದೀರಿ, ಇದಕ್ಕೆ ಎಂತಕ್ಕೆ ಎಳೆಸುವುದಿಲ್ಲ?" ಎಂದರು. ಹೌದಲ್ಲ! ಮುಂದಿನ ಭಾನುವಾರವೇ 25 ಮೀಟರ್ ಕ್ಯಾಟ್ 6 ಎಂಬ ಲ್ಯಾನ್ ಕೇಬಲ್ ತಂದೆ. ಇಲ್ಲಿ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಕೇಬಲ್‌ಗಳಲ್ಲಿ ಕೆಲವು ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಹಾಕಿದ್ದು, ಪೂರ್ತಿ ತಾಮ್ರದ್ದೇ ಕೊಡಿ ಎಂದು ಬಾಯಿ ಬಿಟ್ಟು ಕೇಳಿ. ಚಾವಡಿಯಿಂದ ಮುಚ್ಚಿಗೆಯ ಮೇಲೆ ಹಾಯಿಸಿ, ಹಳೇ ಡಿಶ್ ಕೇಬಲಿನ ತೂತಿನಿಂದ ಹೊರಗೆ ತಂದು, ಗೋಡೆಗುಂಟ ಪೈಪಿನೊಳಗೆ ಮೇಲಿನ ಕೋಣೆಗೆ ತಂದೆವು. ಒಂದು ಹೊಸ ತೂತೂ ಕೊರೆಯಲಿಲ್ಲ. ಮೇಲೆ ಒಂದು ಎಎಕ್ಸ್ 1500 ರೂಟರ್ ಇಟ್ಟು, ಅದನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ, ಅಂದರೆ ಕೇಬಲಿನಲ್ಲಿ ಬಂದದ್ದನ್ನು ವೈ-ಫೈ ಮಾಡಿ ಹಂಚುವ ಕೆಲಸಕ್ಕೆ ಮಾತ್ರ ಹಾಕಿ, ಕೆಳಗಿನದ್ದರ ಹೆಸರನ್ನೇ, ಪಾಸ್‌ವರ್ಡನ್ನೇ ಕೊಟ್ಟೆ.

ಮೊದಲು ಅಳೆದಾಗ 94 ಬಂತು. 6 ಇದ್ದ ಜಾಗದಲ್ಲಿ 94, ಅದೇ ಸಾಕು ಎನಿಸಿತ್ತು, ಆದರೆ ಅಂಕಿ ನೋಡಿ ಅನುಮಾನ ಬಂತು. 94ರ ಆಸುಪಾಸು ಬಂದು ನಿಂತರೆ ಎಲ್ಲೋ 100ರ ಕಟ್ಟು ಬಿದ್ದಿದೆ ಎಂದೇ ಅರ್ಥ. ಕೇಬಲಿನಲ್ಲಿ ಎಂಟು ಎಳೆ ಇರುತ್ತವೆ, ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ಬೇಕಾದರೆ ಎಂಟೂ ಸರಿಯಾಗಿ ಕೂರಬೇಕು, ಒಂದು ತಪ್ಪಿದರೂ 100ಕ್ಕೆ ಇಳಿಯಬಹುದು. ಒಂದು ತುದಿಯ ಕಂದು ಎಳೆ ಪಿನ್ನಿಗೆ ತಾಗಿರಲಿಲ್ಲ. ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿಸಿದೆವು. 191. ಬಾಗಿಲು ಹಾಕಿದರೂ 191, ಮಳೆ ಬಂದರೂ 191. ಇದೇ 94ರ ತೊಂದರೆ ಅಗ್ಗದ ರೂಟರ್‌ಗಳಲ್ಲೂ ಇದೆ, ಕೆಲವಕ್ಕೆ ಪೋರ್ಟ್ ಇರುವುದೇ 100 ಎಂಬಿಪಿಎಸ್‌ದು. 1,200 ರೂಪಾಯಿಗೆ ಸಿಗುತ್ತದೆ ಎಂದು ಅದನ್ನು ತಗೊಂಡರೆ ನಿಮ್ಮ 200ರ ಪ್ಲಾನಿನಲ್ಲಿ ಅರ್ಧ ಸುಮ್ನೆ ಹೋಗುತ್ತದೆ. ಗಿಗಾಬಿಟ್ ಪೋರ್ಟ್ ಇದೆಯಾ ಎಂದು ನೋಡಿಯೇ ಕೊಳ್ಳಿ.

ಖರ್ಚು: ಕೇಬಲಿಗೆ 800, ಕೆಲಸಕ್ಕೆ 700, ರೂಟರಿಗೆ 3,000. ಒಟ್ಟು 4,500.

ಇಷ್ಟೆಲ್ಲ ಹೇಳಿ ದುಬಾರಿ ರೂಟರ್ ಬೇಡವೇ ಬೇಡ ಎಂದರೆ ಅದು ಅನ್ಯಾಯ. ನನ್ನದರಲ್ಲಿ ಒಳ್ಳೆಯದೂ ಇತ್ತು. ವರ್ಷದಲ್ಲಿ ನಾಲ್ಕು ಸಲ ಸಾಫ್ಟ್‌ವೇರ್ ಅಪ್‌ಡೇಟ್ ಬಂತು, ಇದು ಸಣ್ಣ ವಿಷಯವಲ್ಲ, ಮನೆಯ ಇಡೀ ಇಂಟರ್‌ನೆಟ್ಟಿನ ಬಾಗಿಲು ಅದು. ಒಂದು ಸಲವೂ ಹ್ಯಾಂಗ್ ಆಗಲಿಲ್ಲ. ಆದರೆ ಜಾಸ್ತಿ ಜನ, ಜಾಸ್ತಿ ಸಾಧನ ಇರುವ ಕಡೆ ಸರದಿಯನ್ನು ಚೆನ್ನಾಗಿ ಹಂಚುವುದೇ ಅದರ ದೊಡ್ಡ ಗುಣ, ತೋಟದ ನಡುವಿನ ನಮ್ಮ ಮನೆಯಲ್ಲಿ ಅದಕ್ಕೆ ಕೆಲಸವೇ ಇರಲಿಲ್ಲ. ಪಕ್ಕದ ಮನೆಯ ವೈ-ಫೈ ನಮಗೆ ಕಾಣುವುದೂ ಇಲ್ಲ.

ಮಂಗಳೂರಿನ ಕದ್ರಿಯಲ್ಲಿ ಅಕ್ಕ, ಭಾವ ಇದ್ದಾರೆ. ಬಾಡಿಗೆ ಫ್ಲ್ಯಾಟ್. ಅಲ್ಲಿ ಫೋನ್ ತೆರೆದರೆ ಮೂವತ್ತಕ್ಕೂ ಜಾಸ್ತಿ ವೈ-ಫೈ ಹೆಸರು ಕಾಣುತ್ತವೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನಲ್ ಮೂರೇ, 1, 6, 11, ಅಷ್ಟರಲ್ಲೇ ಇಡೀ ಕಟ್ಟಡ ಹಂಚಿಕೊಳ್ಳಬೇಕು. 500ರ ಪ್ಲಾನ್, ಭಾವನಿಗೆ ಮನೆಯಿಂದ ಕೆಲಸ, ಮಕ್ಕಳಿಬ್ಬರಿಗೆ ಆಟ, ವಿಡಿಯೋ, ಟಿವಿ, ಕ್ಯಾಮೆರಾ ಎಲ್ಲ ಸೇರಿ ಇಪ್ಪತ್ತು ಸಾಧನ. ಗೋಡೆ ಕೊರೆಯಲು ಮಾಲೀಕರು ಬಿಡುವುದಿಲ್ಲ. ಕೆಳಗಿನ ಚಾವಡಿಗೆ ಕಂಪನಿಯ ಡಬ್ಬಿಯೇ ಸಾಕು ಎಂದು ನನ್ನ ದೊಡ್ಡ ರೂಟರನ್ನು ಅಲ್ಲಿ ಫ್ಲ್ಯಾಟಿನ ನಡುವಿನ ಪ್ಯಾಸೇಜಿನಲ್ಲಿ ಇಟ್ಟೆ. ಹಾಲ್‌ನಲ್ಲಿ 460, ಮಲಗುವ ಕೋಣೆಯಲ್ಲಿ 340. ಮೊದಲು ಮಲಗುವ ಕೋಣೆಯಲ್ಲಿ 70 ಇತ್ತು. ಇದಕ್ಕಾದರೆ ಆ ಬೆಲೆ ಕೊಡಬಹುದು, ಭಾವ 10,000 ಕೊಟ್ಟು ಇಟ್ಟುಕೊಂಡರು.

ಮೆಶ್, ಅಂದರೆ ಎರಡು ಮೂರು ಡಬ್ಬಿಗಳು ಒಂದರಿಂದೊಂದು ಸಿಗ್ನಲ್ ಪಡೆದು ಹಂಚುವ ವ್ಯವಸ್ಥೆಯ ಬಗ್ಗೆ ಕೇಳುವವರಿಗೆ: ಕೇಬಲ್ ಎಳೆಯಲು ಆಗದಿದ್ದರೆ ಒಳ್ಳೆಯದೇ. ಆದರೆ ಎರಡನೇ ಡಬ್ಬಿಯನ್ನು ಸಿಗ್ನಲ್ ಇಲ್ಲದ ಕೋಣೆಯಲ್ಲಿ ಇಡಬೇಡಿ, ಸಿಗ್ನಲ್ ಇನ್ನೂ ಚೆನ್ನಾಗಿರುವ ಅರ್ಧ ದಾರಿಯಲ್ಲಿ ಇಡಿ. ಅದಕ್ಕೇ ಬರದ್ದನ್ನು ಅದು ನಿಮಗೆ ಹೇಗೆ ಕೊಡುತ್ತದೆ? ವೈ-ಫೈ 7 ಎಂದು ಈಗ ಅಂಗಡಿಯವರು ಹೇಳುತ್ತಾರೆ, ಅದು ವೈ-ಫೈ 6ಕ್ಕಿಂತ ಹೊಸ ತಲೆಮಾರು. ಅದರ ಸರ್ಟಿಫಿಕೇಟ್ ಶುರುವಾದದ್ದೇ 2024ರ ಜನವರಿಯಲ್ಲಿ, ನಿಮ್ಮ ಫೋನ್ ವೈ-ಫೈ 7 ಅಲ್ಲದಿದ್ದರೆ ಅದರ ಹೊಸ ಗುಣ ಯಾವುದೂ ನಿಮಗೆ ಸಿಗುವುದಿಲ್ಲ. 320 ಮೆಗಾಹರ್ಟ್ಸ್ ಅಗಲದ ಚಾನಲ್ ಬೇಕಾದರೆ 6 ಗಿಗಾಹರ್ಟ್ಸ್ ಇರಬೇಕು, ಇಲ್ಲಿ ಮಾರುವ ಕಡಿಮೆ ಬೆಲೆಯ ವೈ-ಫೈ 7 ರೂಟರ್‌ಗಳಲ್ಲಿ ಎಷ್ಟೋ ಅದಿಲ್ಲದವು. ಪೆಟ್ಟಿಗೆಯ ಹಿಂಬದಿ ಓದಿ.

ನಮ್ಮ ಮನೆಯಲ್ಲಿ ಈಗ ಅಪ್ಪಯ್ಯ ಚಾವಡಿಯಲ್ಲಿ ರಾತ್ರಿ ಯಕ್ಷಗಾನದ ಲೈವ್ ನೋಡುತ್ತಾರೆ, ನಾನು ಮೇಲೆ ಕೆಲಸ ಮಾಡುತ್ತೇನೆ, ಇಬ್ಬರಿಗೂ ತಡೆಯಿಲ್ಲ. ಗುಡುಗು ಶುರುವಾದರೆ ಅವರು ಕೆಳಗಿನ ಪ್ಲಗ್ ಮತ್ತು ಕೇಬಲ್ ತೆಗೆಯುತ್ತಾರೆ, ನಾನು ಮೇಲಿನದ್ದು. ಬ್ರಹ್ಮಾವರ, ಉಡುಪಿ, ಕಾಪು ಕಡೆಯವರು ಯಾರಾದರೂ ಇದೇ ತೊಂದರೆಯಲ್ಲಿದ್ದರೆ ಮನೆಯ ನಕ್ಷೆಯನ್ನು ಒಂದು ಹಾಳೆಯಲ್ಲಿ ಗೀಚಿ ಕಳಿಸಿ, ಯಾವ ಗೋಡೆ ಮುರಕಲ್ಲು, ಎಲ್ಲಿ ಸ್ಲ್ಯಾಬ್ ಎಂದು ಬರೆದಿರಿ, ರೂಟರ್ ಎಲ್ಲಿಟ್ಟರೆ ಸರಿ, ಕೇಬಲ್ ಯಾವ ದಾರಿಯಲ್ಲಿ ಹಾಯಿಸಬಹುದು ಎಂದು ನೋಡಿ ಹೇಳುತ್ತೇನೆ.